ಮೇಷ್ಟ್ರ ಬಟ್ಟಲು

ಫೆಬ್ರವರಿ 6

ಲೋ ಗುಂಡಾ,

ನಿನ್ನ ಕಾಗದ ಬಂತು. ಓದಿ ಅಸಹ್ಯ ಆಯ್ತು.

"ಅಕ್ಕಾ, ನೀನು ಕೆಲಸ ಮಾಡೋ ನಾಯಿ ಆಶ್ರಯದಿಂದ ನಮಗೂ ಒಂದು ಕಳಿಸು. ಚಿಕ್ಕದಾಗಿರಲಿ, ಬೆಳ್ಳಗಿರಲಿ, ಕೂದಲು ಉದುರಬಾರದು, ಜಾಸ್ತಿ ಬೊಗಳಬಾರದು, ವಾಸನೆ ಇರಬಾರದು." ಇಷ್ಟೆಲ್ಲಾ ಬೇಕು ಅಂದ್ರೆ ಅಂಗಡಿಗೆ ಹೋಗಿ ಒಂದು ದಿಂಬು ತಗೊಂಡು ಬಾ. ನನ್ನ ಹತ್ರ ಇರೋದು ನಾಯಿಗಳು ಕಣೋ. ತಿನ್ನುತ್ತವೆ, ಹೇಲುತ್ತವೆ, ಕಾರಿಕೊಳ್ಳುತ್ತವೆ, ಕಾರಿಕೊಂಡಿದ್ದನ್ನ ತಿರುಗಿ ನೆಕ್ಕುತ್ತವೆ. ನಾಯಿ ಮೈಯಿಂದ ನಾಯಿ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?

ನಿನ್ನೊಬ್ಬನ ಮೇಲಿನ ಸಿಟ್ಟಲ್ಲ ಇದು. ಈ ವಾರ ಪೂರ್ತಿ ಇಂಥವರನ್ನೇ ನೋಡಿ ನೋಡಿ ಸಾಕಾಗಿದೆ. ಒಬ್ಬಳು ತಗೊಂಡು ಹೋದ ನಾಯಿನ ವಾಪಸ್ ತಂದಳು. ಯಾಕಮ್ಮಾ ಅಂದ್ರೆ, "ಫೋಟೋದಲ್ಲಿ ಕಂದು ಬಣ್ಣ ಕಾಣ್ತಿತ್ತು, ಮನೆಗೆ ಬಂದ ಮೇಲೆ ಕಪ್ಪಗಿದೆ" ಅಂತ. ಇನ್ನೊಬ್ಬ ಮಕ್ಕಳ ರಜಕ್ಕೆ ಅಂತ ಒಂದು ಮರಿ ಒಯ್ದಿದ್ದ. ಶಾಲೆ ಶುರುವಾದ ದಿನವೇ ತಂದು ಬಿಟ್ಟ. "ರಜ ಮುಗೀತು ಮೇಡಂ" ಅಂತ ನಗ್ತಾ ಕೈ ಬೇರೆ ಕುಲುಕಿದ. ನನ್ನ ಆ ಕೈ ಬೆಳಗಿಂದ ಹೇಲು ಬಾಚಿದ ಕೈ. ಅದಕ್ಕೆ ನಾನು ಸೋಪು ಹಾಕಿ ತೊಳ್ಕೊಂಡಿದ್ದು ಅವನು ಮುಟ್ಟಿದ ಮೇಲೆ.

ಕಾಗದ ಯಾಕೆ, ಫೋನಲ್ಲೇ ಕೇಳಬಾರದಾ ಅಂದಿದೀಯ. ಇಲ್ಲಿನ ಪದ್ಧತಿ ಅದು, ನಾನೇ ಹಾಕಿದ್ದು. ನಾಯಿ ಬೇಕಾದೋರು ಕೂತು ಕೈಯಾರೆ ಬರೀಬೇಕು. ಫೋನಲ್ಲಿ ಎಲ್ಲರೂ ಒಳ್ಳೆಯವರೇ. ಅದೂ ಅಲ್ದೆ ಇಲ್ಲಿನ ಬೊಗಳಾಟದಲ್ಲಿ ನೀನು "ಹೂಂ ಅಕ್ಕಾ" ಅಂದಿದ್ದೂ "ಉಹೂಂ ಅಕ್ಕಾ" ಅಂದಿದ್ದೂ ನನಗೆ ಒಂದೇ ಥರ ಕೇಳ್ಸುತ್ತೆ. ಮಾತಾಡೋದ್ರಲ್ಲಿ ನೀನು ಹುಟ್ಟಿದಾಗಿಂದ ಜಾರುಬಂಡೆ.

ಬಂಗಾರದಂಥಾ ತಮ್ಮ ಅಂತ ನಿನಗೇನೂ ರಿಯಾಯಿತಿ ಇಲ್ಲ. ಹೇಳು: ಹಗಲು ಮನೇಲಿ ಯಾರಿರ್ತಾರೆ? ಮೊದಲ ತಿಂಗಳು ಅದು ಕಂಡಕಂಡಲ್ಲಿ ಉಚ್ಚೆ ಹೊಯ್ಯುತ್ತೆ, ಒರೆಸೋರು ಯಾರು? "ನಾವು" ಅಂತ ಬರೀಬೇಡ, ಯಾರು ಅಂತ ಬರಿ. ನೀವೆಲ್ಲಾ ಊರಿಗೆ ಹೋದ್ರೆ ಅದನ್ನ ಎಲ್ಲಿ ಬಿಡ್ತೀರಿ? ಮುದಿಯಾಗಿ, ಕಣ್ಣು ಕಾಣದೆ, ಮಲಗಿದಲ್ಲೇ ಹೇತುಕೊಂಡಾಗಲೂ ಇಟ್ಕೋತೀರಾ? ಮಗಳು ಹಟ ಮಾಡ್ತಾಳೆ ಅಂತ ತರೋದಾದ್ರೆ ಬೇಡವೇ ಬೇಡ. ಮಕ್ಕಳ ಹಟ ಎರಡು ವಾರ, ನಾಯಿ ಆಯಸ್ಸು ಹನ್ನೆರಡು ವರ್ಷ. ಎಲ್ಲಕ್ಕಿಂತ ಮುಖ್ಯ, ನಿನ್ನ ಹೆಂಡತಿ ಏನಂತಾಳೆ?

ಉತ್ತರ ಬರದೇ ಇದ್ರೂ ಸಂತೋಷವೇ.

ನಿನ್ನ ಅಕ್ಕ


ಫೆಬ್ರವರಿ 14

ಪ್ರೀತಿಯ ಅಕ್ಕನಿಗೆ,

ಏನಕ್ಕಾ ಇದು, ನಾಯಿ ಕೇಳಿದ್ರೆ ನಾಯಿಗಿಂತ ಜೋರಾಗಿ ಮೈಮೇಲೆ ಬಿದ್ದೆಯಲ್ಲ! ಸರಿ, ಬೆಳ್ಳಗಿರೋದು ಬೇಡ. ಯಾವ ಬಣ್ಣ ಆದ್ರೂ ಆಗಲಿ.

ಹಗಲು ಮನೇಲಿ ನಾನೇ ಇರ್ತೀನಿ. ನಿನಗೆ ಗೊತ್ತಲ್ಲ, ಹಿಂದಿನ ಕೋಣೆಯೇ ನನ್ನ ಕಾರ್ಖಾನೆ. ದಂತವೈದ್ಯರು ಬಾಯಿ ಅಚ್ಚು ಕಳಿಸ್ತಾರೆ, ನಾನು ಪ್ಲಾಸ್ಟರ್ ಹುಯ್ದು, ಮೇಣ ತೀಡಿ, ಹಲ್ಲಿನ ಸೆಟ್ಟು ಮಾಡಿ ಕೊಡ್ತೀನಿ. ಎದ್ದು ಹೊರಗೆ ಹೋಗೋ ಪ್ರಮೇಯವೇ ಇಲ್ಲ. ನಾಯಿ ಒಂಟಿ ಆಗಲ್ಲ.

ನಮ್ಮವಳು ಆಸ್ಪತ್ರೆ ಲಾಂಡ್ರಿಗೆ ಬೆಳಿಗ್ಗೆ ಹೋದ್ರೆ ಸಂಜೆಗೆ ಬರ್ತಾಳೆ. ಅವಳದ್ದು ಪೂರ್ತಿ ಒಪ್ಪಿಗೆ. ಮಗಳಿಗಂತೂ ಒಂಬತ್ತು ತುಂಬಿದಾಗಿಂದ ಇದೇ ಜಪ. ಆದ್ರೆ ಮಗಳಿಗೋಸ್ಕರ ಮಾತ್ರ ಅಲ್ಲ. ಮನೆ ಯಾಕೋ ತುಂಬಾ ಮೌನ ಆಗಿದೆ ಅಕ್ಕಾ. ಏನಾದ್ರೂ ಒಂದು ಓಡಾಡಿಕೊಂಡಿದ್ರೆ ಚೆನ್ನ ಅನ್ಸುತ್ತೆ.

ಒರೆಸೋದು ನಾವೆಲ್ಲಾ ಸೇರಿ ನೋಡ್ಕೋತೀವಿ.

ನೀನು ಇಷ್ಟು ಪ್ರಶ್ನೆ ಕೇಳಿದ ಮೇಲೆ ನಾನೂ ಒಂದು ಕೇಳ್ತೀನಿ. ನೀನು ಕೊಡೋ ನಾಯಿ ಮುಂಚೆ ಎಲ್ಲಿತ್ತು? ಏನಾದ್ರೂ ಐಬು ಗಿಬು ಇದೆಯಾ?

ನಿನ್ನ ಗುಂಡ


ಫೆಬ್ರವರಿ 27

ಗುಂಡಾ,

"ನಾವೆಲ್ಲಾ ಸೇರಿ" ಅಂತಲೇ ಬರೆದೆಯಲ್ಲ, ಬೇಡ ಅಂದಿದ್ದನ್ನೇ. ಎಲ್ಲರ ಕೆಲಸ ಅಂದ್ರೆ ಯಾರ ಕೆಲಸವೂ ಅಲ್ಲ. ಹೋಗಲಿ. ಹಗಲೆಲ್ಲಾ ಮನೇಲಿರೋ ಮನುಷ್ಯ ಸಿಗೋದು ಅಪರೂಪ, ಆ ಒಂದು ಕಾರಣಕ್ಕೆ ಕೊಡ್ತಿದೀನಿ.

ಈ ಕಾಗದ ತಂದ ನಮ್ಮ ವ್ಯಾನಿನವನ ಜೊತೆ ಬಂದಿರೋನು ಮೇಷ್ಟ್ರು. ವಯಸ್ಸು ಐದಾರು ಇರಬಹುದು. ಹುಬ್ಬು ಆಗಲೇ ನರೆತಿದೆ, ಒಂದು ಕಿವಿ ಮಡಚಿಕೊಂಡಿದೆ. ಹೋಂವರ್ಕ್ ಮಾಡದೆ ಬಂದೋರನ್ನ ನೋಡೋ ಹಾಗೆ ನೋಡ್ತಾನೆ, ಅದಕ್ಕೇ ಆ ಹೆಸರು. ಕಚ್ಚಲ್ಲ. ಬೊಗಳೋದೂ ಕಮ್ಮಿ.

ಅವನ ಜೊತೆ ಎರಡು ಸಾಮಾನು ಬಂದಿವೆ. ಒಂದು ಕಂಬಳಿ ತುಂಡು. ಗಬ್ಬು ನಾರುತ್ತೆ, ನನಗೂ ಗೊತ್ತು. ಅದನ್ನ ಒಗೀಬೇಡಿ. ಗೊತ್ತಿಲ್ಲದ ಮನೇಲಿ ಅವನಿಗೆ ಗೊತ್ತಿರೋದು ಆ ನಾತ ಒಂದೇ. ಅವನನ್ನೂ ಈಗಲೇ ಸ್ನಾನಕ್ಕೆ ಎಳೀಬೇಡಿ. ಇನ್ನೊಂದು ಅವನ ಬಟ್ಟಲು. ಇಲ್ಲಿ ಪ್ರತಿ ನಾಯಿಗೂ ಸ್ವಂತ ಬಟ್ಟಲಿದೆ. ತೊಳೆದು ಗೋಡೆಯ ಹಲಗೆ ಮೇಲೆ ಅವರವರ ಜಾಗದಲ್ಲೇ ಬೋರಲು ಹಾಕ್ತೀವಿ. ನಾಯಿ ಹೋಗುವಾಗ ಬಟ್ಟಲೂ ಹೋಗುತ್ತೆ. ಅವನ ಜಾಗ ಸದ್ಯಕ್ಕೆ ಖಾಲಿ ಬಿಟ್ಟಿದೀನಿ. ನನ್ನ ಅನುಭವ ನನಗೆ.

ಮೊದಲು ಒಂದೇ ಕೋಣೇಲಿ ಬಿಡಿ. ನೆಂಟರು ಇಷ್ಟರನ್ನ ಕರೆದು ಪ್ರದರ್ಶನ ಮಾಡಬೇಡಿ. ಮಗಳಿಗೆ ತಬ್ಬಿಕೋಬೇಡ ಅನ್ನು. ಅವನಾಗಿ ಹತ್ರ ಬರೋವರೆಗೂ ಸುಮ್ನಿರಿ. ಊಟ ಬಿಟ್ರೆ ಗಾಬರಿ ಬೀಳಬೇಡಿ, ಎರಡು ದಿನ ಕಳೆದ್ರೆ ಮಾತ್ರ ಡಾಕ್ಟರ ಹತ್ರ ಹೋಗಿ.

ಮುಂಚೆ ಎಲ್ಲಿದ್ದ ಅಂತ ಕೇಳಿದೀಯ. ಒಂದು ಮನೇಲಿದ್ದ. ಅವರಿಗೆ ಇಟ್ಕೊಳ್ಳೋಕೆ ಆಗಲಿಲ್ಲ.

ಅಕ್ಕ


ಮಾರ್ಚ್ 12

ಅಕ್ಕಾ,

ಮೇಷ್ಟ್ರು ಅಂತ ಹೆಸರಿಟ್ಟಿದ್ದು ಸರಿಯಾಗೇ ಇದೆ, ನಮಗೆಲ್ಲಾ ಪಾಠ ಕಲಿಸ್ತಾ ಇದೆ.

ಮೊದಲ ದಿನ ಉಚ್ಚೆ ಹೊಯ್ದಿದ್ದು ನಡುಮನೇಲಿ. ಎರಡನೇ ದಿನ ಮಗಳ ಶಾಲೆ ಚೀಲ. ಮೂರನೇ ದಿನ ನನ್ನ ಚಪ್ಪಲಿ, ಅದೂ ನಾನು ಕಾಲು ಹಾಕಿದ ಮೇಲೆ ಗೊತ್ತಾಯ್ತು. ಅದರ ಮೇಲೆ ಆ ಕಂಬಳಿ. ಅಯ್ಯಪ್ಪಾ, ಏನಕ್ಕಾ ಅದರ ನಾತ! ಹಳೇ ಉಚ್ಚೆ, ಒದ್ದೆ ಮೂಟೆ, ಕೊಳೆತ ಮಾಂಸ ಎಲ್ಲಾ ಒಟ್ಟಿಗೆ. ಊಟಕ್ಕೆ ಕೂತ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ. ನಮ್ಮವಳಿಗೆ ಸ್ವಲ್ಪ ಹೇಸಿಗೆ ಜಾಸ್ತಿ. ದಿನವಿಡೀ ಆಸ್ಪತ್ರೆ ಗಲೀಜು ಬಟ್ಟೆ ನೋಡಿರ್ತಾಳೆ, ಮನೇಲಾದ್ರೂ ಚೊಕ್ಕಟ ಬೇಕು ಅಂತಾಳೆ. ತಡೀಲಾರದೆ ಅದನ್ನ ಬಿಸಿನೀರಲ್ಲಿ ಸೋಪು ಹಾಕಿ ಒಗೆದುಬಿಟ್ಟಳು. ಅವತ್ತಿಂದ ನಾಯಿ ಆ ಕಂಬಳಿ ಹತ್ರಾನೂ ಸುಳೀತಿಲ್ಲ, ಊಟಾನೂ ಸರಿಯಾಗಿ ಮಾಡ್ತಿಲ್ಲ.

ಊಟ ಮಾಡ್ತಿಲ್ಲ ಅಂದ್ನಾ, ತಪ್ಪಾಯ್ತು. ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರ ಮೇಲ್ದವಡೆ ಸೆಟ್ಟು ಒಂದನ್ನ ತಿಂದಿದೆ. ಪಾಲಿಶ್ ಮಾಡಿ ಮೇಜಿನ ಮೇಲಿಟ್ಟಿದ್ದೆ. ನೋಡಿದ್ರೆ ಮೇಜಿನ ಕೆಳಗೆ ಕೂತು ಕಟಕಟ ಅನ್ನಿಸ್ತಿದೆ. ಮೂರು ಹಲ್ಲು ಮಾರನೇ ದಿನ ಹಿತ್ತಲಲ್ಲಿ ಸಿಕ್ಕವು. ಯಾವ ರೂಪದಲ್ಲಿ ಸಿಕ್ಕವು ಅಂತ ಬರೆಯಲ್ಲ, ನಿನಗೇ ಅರ್ಥ ಆಗುತ್ತೆ. ಆ ಮನುಷ್ಯ ಬಾಯಿ ಮುಚ್ಚಿಕೊಂಡೇ ಬೈದು ಹೋದ.

ಒಂದು ವಿಷಯ ಮಾತ್ರ ಮೆಚ್ಚಬೇಕು. ಮನೇಲಿ ನಾವು ಸ್ವಲ್ಪ ಜೋರಾಗಿ ಮಾತಾಡಿದ್ರೆ ಸಾಕು, ಎದ್ದು ಹೋಗಿ ತನ್ನ ಬಟ್ಟಲನ್ನ ಬಾಯಲ್ಲಿ ಕಚ್ಚಿಕೊಂಡು ಬಂದು ಬೀದಿ ಬಾಗಿಲ ಹತ್ರ ನಿಂತುಕೊಳ್ಳುತ್ತೆ. ಅಲ್ಲಾಡಲ್ಲ. ನಮ್ಮ ಮಾತು ಮುಗಿದು ಎಷ್ಟೋ ಹೊತ್ತಾದ ಮೇಲೂ ಹಾಗೇ. ಮಗಳಿಗೆ ಅದು ದೊಡ್ಡ ತಮಾಷೆ, ಪಕ್ಕದ ಮನೆ ಮಕ್ಕಳಿಗೂ ತೋರಿಸಿದಳು. ಎಷ್ಟು ಚೆನ್ನಾಗಿ ಕಲಿಸಿದೀಯ ಅಕ್ಕಾ!

ಗುಂಡ


ಮಾರ್ಚ್ 20

ಗುಂಡಾ,

ಛೀ! ಒಗೀಬೇಡ ಅಂತ ಅಷ್ಟು ಬಿಡಿಸಿ ಬರೆದಿದ್ದೆ. ಓದೋಕೆ ಬರಲ್ವಾ ನಿನ್ನ ಹೆಂಡತಿಗೆ? ಅವಳಿಗೆ ಹೇಸಿಗೆಯಂತೆ, ಹೇಸಿಗೆ. ಆಸ್ಪತ್ರೇಲಿ ಕಂಡವರ ರಕ್ತ ಕೀವು ಒಗೆದು ಸಂಬಳ ಎಣಿಸಿಕೊಳ್ಳುವಾಗ ಮೂಗು ಎಲ್ಲಿಟ್ಟಿರ್ತಾಳಂತೆ? ಮನೆಗೆ ಬಂದ ತಕ್ಷಣ ಮೂಗು ರಾಜಕುಮಾರಿಯದ್ದಾಗುತ್ತಾ? ಈ ಚೊಕ್ಕಟದ ಜನರನ್ನ ಕಂಡ್ರೆ ನನಗೆ ಮೈಯೆಲ್ಲಾ ಉರಿಯುತ್ತೆ. ನೆಲ ಹೊಳೀಬೇಕು, ಸೋಫಾ ಹೊಳೀಬೇಕು, ಒಳಗಿನ ಮನಸ್ಸು ಮಾತ್ರ ಹಳೇ ಮೋರಿ ಇದ್ದಂಗೆ ಇದ್ರೂ ನಡೆಯುತ್ತೆ. ಇಲ್ಲಿಗೆ ವಾಪಸ್ ಬರೋ ಅರ್ಧ ನಾಯಿಗಳ ಹಿಂದೆ ಇಂಥ ಒಬ್ಬಳು ಚೊಕ್ಕಟಗಿತ್ತಿ ಇರ್ತಾಳೆ. ಗಂಡ ಬಂದು ನಾಯಿ ಬಿಡ್ತಾ ಹಲ್ಲು ಗಿಂಜ್ತಾನೆ, "ನನಗೇನಿಲ್ಲ ಮೇಡಂ, ನಮ್ಮ ಮನೆಯವಳು ಒಪ್ಪಲ್ಲ."

ನೀನು ತೊಟ್ಟು ಹಳೇದಾದ ಒಂದು ಬನಿಯನ್ನು ಕೊಡು ಅವನಿಗೆ ಮಲಗೋಕೆ. ಒಗೀದೆ ಕೊಡು. ಹೊಸ ನಾತ ಅಭ್ಯಾಸ ಆಗಲಿ. ಹಲ್ಲಿನ ಸೆಟ್ಟನ್ನ ಅವನ ಬಾಯಿಗೆಟುಕೋ ಮೇಜಿನ ಮೇಲಿಟ್ಟಿದ್ದು ನಿನ್ನ ತಪ್ಪು, ಅವನದ್ದಲ್ಲ.

ಬಟ್ಟಲಿನ ವಿಷಯ. ಅದು ನಾನು ಕಲಿಸಿದ್ದಲ್ಲ. ಪಕ್ಕದ ಮನೆ ಮಕ್ಕಳಿಗೆ ತೋರಿಸೋದನ್ನ ಮೊದಲು ನಿಲ್ಲಿಸಿ. ನೀವು ಗಂಡ ಹೆಂಡತಿ ಅಷ್ಟು ಜೋರಾಗಿ ಏನು ಮಾತಾಡ್ತೀರಿ? ಅದನ್ನ ಬರಿ.

ಅಕ್ಕ


ಏಪ್ರಿಲ್ 2

ಅಕ್ಕಾ,

ಬೇಜಾರು ಮಾಡ್ಕೋಬೇಡ. ವ್ಯಾನು ಈ ಕಡೆ ಮತ್ತೆ ಯಾವಾಗ ಬರುತ್ತೆ ತಿಳಿಸು. ನನಗೇನೂ ಇಲ್ಲ, ಇದ್ದುಕೊಂಡು ಹೋಗಲಿ ಅಂತಲೇ ನಾನು ಅನ್ನೋದು. ಆದ್ರೆ ನಮ್ಮವಳು ಖಡಾಖಂಡಿತ ಹೇಳಿಬಿಟ್ಟಿದಾಳೆ. ದಿನಾ ಮನೇಲಿ ಇದೇ ರಾಮಾಯಣ. ಸಂಸಾರ ಅಂದ ಮೇಲೆ ಹೊಂದಿಕೊಂಡು ಹೋಗಬೇಕಲ್ಲ.

ಅದಕ್ಕೆ ಯಾರಾದ್ರೂ ಇನ್ನೂ ಒಳ್ಳೆ ಜನ ಸಿಕ್ಕೇ ಸಿಗ್ತಾರೆ.

ಗುಂಡ


ಏಪ್ರಿಲ್ 8

ಗುಂಡಾ,

ಈ ಕಾಗದವನ್ನ ನಿನ್ನ ಹೆಂಡತಿಗೆ ಓದಿ ಹೇಳು. ಒಂದಕ್ಷರ ಬಿಡಬೇಡ.

"ಇನ್ನೂ ಒಳ್ಳೆ ಜನ" ಸಿಗಲ್ಲ. ಇಲ್ಲಿನ ನಿಯಮ ಕೇಳು. ಮೂರು ಸಲ ವಾಪಸ್ ಬಂದ ನಾಯಿನ ಮತ್ತೆ ಯಾರಿಗೂ ತೋರಿಸಲ್ಲ, ಕೊಡಲ್ಲ. ಹಿಂದಿನ ಸಾಲಿಗೆ ಹಾಕ್ತೀವಿ. ಹಿಂದಿನ ಸಾಲು ಅಂದ್ರೆ ತಗಡಿನ ಶೆಡ್ಡು. ಊಟ ಹಾಕ್ತೀವಿ, ನೀರು ಬಿಟ್ಟು ತೊಳೀತೀವಿ, ಅಷ್ಟೇ. ಬಂದೋರು ಯಾರೂ ಆ ಕಡೆ ತಿರುಗಿ ನೋಡಲ್ಲ. ಅಲ್ಲಿಗೆ ಹೋದ ನಾಯಿ ಸ್ವಲ್ಪ ದಿನಕ್ಕೆ ಬೊಗಳೋದನ್ನೇ ಬಿಡುತ್ತೆ, ಸಾಯೋವರೆಗೂ ಅಲ್ಲೇ. ಮೇಷ್ಟ್ರು ಇಲ್ಲಿಗೆ ಈಗಾಗಲೇ ಎರಡು ಸಲ ವಾಪಸ್ ಬಂದಿದಾನೆ. ನೀನು ಕಳಿಸಿದ್ರೆ ಮೂರನೇದು.

ಹೌದು, ನಿನಗೆ ಹೇಳಿರಲಿಲ್ಲ. ಹೇಳಿದ್ರೆ ನೀನು ತಗೋತಿರಲಿಲ್ಲ.

ಮೊದಲನೇ ಮನೇಲಿ ಗಂಡ ಹೆಂಡತಿ ಕಿತ್ತಾಡಿ ಬೇರೆ ಆದ್ರು. ಎರಡನೇ ಮನೇಲಿ ಅಣ್ಣ ತಮ್ಮ ಪಾಲಿಗೆ ಬಡಿದಾಡಿದ್ರು, ಸೈಟು ಸಾಮಾನು ಎಲ್ಲಾ ಹಂಚಿಕೊಂಡ್ರು, ಇವನು ಯಾರ ಪಾಲಿಗೂ ಬರಲಿಲ್ಲ. ಎರಡೂ ಸಲ ನಾನೇ ಗೇಟು ತೆಗೆದದ್ದು. ಎರಡೂ ಸಲ ಬಂದೋರ ಒಂದು ಕೈಯಲ್ಲಿ ಇವನ ಹಗ್ಗ, ಇನ್ನೊಂದು ಕೈಯಲ್ಲಿ ಇವನ ಬಟ್ಟಲು. ಈಗ ಗೊತ್ತಾಯ್ತಾ ನಿನ್ನ ಮಗಳ ತಮಾಷೆ? ಮನೇಲಿ ದನಿ ಏರಿದ್ರೆ ಮುಂದೆ ಏನಾಗುತ್ತೆ ಅಂತ ಅವನಿಗೆ ಬಾಯಿಪಾಠ ಆಗಿದೆ. ನಿಮಗೆ ತೊಂದರೆ ಯಾಕೆ ಅಂತ ತಾನೇ ಬಟ್ಟಲು ತಂದು ನಿಂತ್ಕೋತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಬಡವಾಗ್ತಿರೋದು ಮೇಷ್ಟ್ರು.

ಅವಳಿಗೆ ಹೇಳು. ಅವಳ ಮನೆ ನೆಲ ಹೊಳೀಲಿ ಅಂತ ಒಂದು ಜೀವವನ್ನ ತಗಡಿನ ಶೆಡ್ಡಿಗೆ ಕಳಿಸ್ತಿದಾಳೆ. ಥೂ.

ಅಕ್ಕ


ಏಪ್ರಿಲ್ 17

ಅಕ್ಕನವರಿಗೆ ನಮಸ್ಕಾರ.

ಇದು ನಿಮ್ಮ ತಮ್ಮನ ಕಾಗದ ಅಲ್ಲ. ಅವರ ಹೆಂಡತಿ ಬರೀತಿರೋದು. ಮದುವೆ ಆಗಿ ಹನ್ನೊಂದು ವರ್ಷಕ್ಕೆ ನಿಮಗೆ ನಾನು ಬರೀತಿರೋ ಮೊದಲನೇ ಕಾಗದ.

ಓದಿ ಹೇಳು ಅಂತ ಬರೆದಿದ್ರಿ. ಅವರು ಓದಿ ಹೇಳಲಿಲ್ಲ. ಊಟಕ್ಕೆ ಕೂತಿದ್ದಾಗ ಮಗಳು ಕೈಗೆ ಸಿಕ್ಕ ಕಾಗದ ತೆಗೆದು, ಶಾಲೇಲಿ ಪಾಠ ಓದೋ ಹಾಗೆ ರಾಗವಾಗಿ ಶುರು ಮಾಡಿದಳು. ಅವರು "ಇಲ್ಲಿ ಕೊಡೇ" ಅಂತ ಎದ್ದರು. ನಾನು "ಓದ್ಲಿ ಬಿಡಿ" ಅಂದೆ. ಕೊನೇ "ಥೂ" ತನಕ ಪೂರ್ತಿ ಓದಿದಳು. ಆಮೇಲೆ "ಅಮ್ಮಾ, ಅತ್ತೆ ಯಾಕೆ ನಿನ್ನ ಮೇಲೆ ಉಗುಳಿದಾರೆ?" ಅಂತ ಕೇಳಿದಳು. ಆಮೇಲೆ ನಾನು ಮೇಜಿನ ಡ್ರಾದಲ್ಲಿದ್ದ ನಿಮ್ಮ ಮಿಕ್ಕ ಕಾಗದಗಳನ್ನೂ, ಅವರು ನಿಮಗೆ ಬರೆದಿದ್ದರ ಕರಡುಗಳನ್ನೂ ತೆಗೆದು ಓದಿದೆ.

ಕಂಬಳಿ ಒಗೆದಿದ್ದು ನಾನಲ್ಲ. ನಾನು ಕೆಲಸಕ್ಕೆ ಹೋಗಿದ್ದಾಗ ಅವರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಕೆಟ್ಟಿಗೆ ಅದ್ದಿದ್ರು. ವಾಸನೆ ನನಗೆ ಏನು ಮಾಡುತ್ತೆ ಅಕ್ಕಾ? ಆಸ್ಪತ್ರೆ ಹಾಸಿಗೆ ಬಟ್ಟೆ ಗಂಟು ಬಿಚ್ಚಿದ್ರೆ ಒಳಗೆ ಏನೇನು ಇರುತ್ತೆ ಅಂತ ನೀವು ನಂಬೋಕಿಲ್ಲ. ನನ್ನ ಮೂಗು ಮನೇಲೂ ಅದೇ, ಹೊರಗೂ ಅದೇ. ನೆಲ ಒರೆಸ್ತಿರೋದು ನಾನು. ಆ ಮೂರು ಹಲ್ಲು ಹೆಕ್ಕಿ ತೊಳೆದು ಮೇಜಿನ ಮೇಲಿಟ್ಟಿದ್ದೂ ನಾನೇ, ಅವರು ಅದನ್ನ ನೋಡಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡ್ರು. ದಿನಾ ಸಂಜೆ ನಾನು ಬಂದ ಮೇಲೆ ಮೇಷ್ಟ್ರು ನನ್ನ ಕೆಲಸದ ಸೀರೆ ಮೇಲೆ ಮಲಗ್ತಾರೆ. ಅದರ ನಾತ ಅವರಿಗೆ ಹಿಡಿಸಿದೆ ಅಂತ ಕಾಣುತ್ತೆ.

ನಾವು ಜೋರಾಗಿ ಏನು ಮಾತಾಡ್ತೀವಿ ಅಂತ ಕೇಳಿದ್ರಿ. ಇದನ್ನೇ. ನಿಮ್ಮ ತಮ್ಮನಿಗೆ ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಸಾಲ ಕೇಳಿದ ಗೆಳೆಯನಿಗೆ "ನಮ್ಮವಳು ಬೇಡ ಅಂತಾಳೆ." ಮದುವೆಗೆ ಕರೆದ ನೆಂಟರಿಗೆ "ನಮ್ಮವಳಿಗೆ ಹುಷಾರಿಲ್ಲ." ಅವಸರ ಮಾಡೋ ಹಲ್ಲಿನ ಡಾಕ್ಟರಿಗೂ "ನಮ್ಮವಳು ಭಾನುವಾರ ಕೆಲಸ ಮಾಡೋಕೆ ಬಿಡಲ್ಲ." ಊರಲ್ಲೆಲ್ಲಾ ಅವರು ದೇವರಂಥಾ ಮನುಷ್ಯ, ನಾನು ಮಾರಿ. ನಾನು ಬಾಯಿ ಬಿಡದೇ ಇರೋ ಮಾತಿಗೆಲ್ಲಾ ಬೈಸಿಕೊಂಡಿದೀನಿ. ಕೇಳಿ ಕೇಳಿ ನನಗೂ ಹೇಸಿಗೆ ಬಂದಿದೆ, ನಾಯಿ ಮೇಲಲ್ಲ. ಮನೆ ಮೌನ ಆಗಿದೆ ಅಂತ ಬರೆದಿದ್ರಲ್ಲ ಅವರು, ಅದು ನಾಯಿ ಬರೋ ಮುಂಚೆ ನಾನು ಮಾತು ಬಿಟ್ಟಿದ್ದಕ್ಕೆ ಆಗಿದ್ದು. ಹೋದ ತಿಂಗಳು ಒಂದು ದಿನ ಸಾಕಾಗಿ, ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ನನ್ನ ಸ್ವಂತ ಅಕ್ಕನ ಮನೆಗೆ ಹೋಗ್ತೀನಿ ಅಂತ ಹೊರಟೆ. ಬಾಗಿಲಿಗೆ ಬಂದ್ರೆ ನನಗಿಂತ ಮುಂಚೆ ಮೇಷ್ಟ್ರು ಬಟ್ಟಲು ಕಚ್ಚಿಕೊಂಡು ನಿಂತಿದ್ರು. ಮೊದಲು ನಗು ಬಂತು. ಆಮೇಲೆ ಅಲ್ಲೇ ಕೂತು ಅತ್ತೆ.

ಅಕ್ಕಾ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ನಾಯಿ ಕೊಡೋ ಮುಂಚೆ ನನ್ನ ಒಪ್ಪಿಗೆ ಇದೆಯಾ ಅಂತ ಕೇಳಿದ್ರಿ, ಅವರನ್ನ ಕೇಳಿದ್ರಿ. ನನ್ನನ್ನಲ್ಲ. ಎಲ್ಲರ ಹತ್ರ ಕಾಗದ ಬರೆಸ್ತೀರಿ, ನನ್ನ ಹತ್ರ ಒಂದು ಸಾಲು ಬರೆಸಲಿಲ್ಲ. ನಿಜ ಹೇಳಬೇಕು ಅಂತ ಊರಿಗೆಲ್ಲಾ ಬುದ್ಧಿ ಹೇಳಿ, ಎರಡು ಸಲ ವಾಪಸ್ ಬಂದಿದ್ದನ್ನ ನೀವೇ ಮುಚ್ಚಿಟ್ಟಿರಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂದ್ರೆ ಇದೇ ತಾನೆ?

ಮೇಷ್ಟ್ರನ್ನ ಕಳಿಸೋದು ನನಗೆ ಇಷ್ಟ ಇಲ್ಲ. ಆದ್ರೆ ಹಗಲೆಲ್ಲಾ ಅವರ ಜೊತೆ ಇರೋದು ನಾನಲ್ಲ. ನಾನಿಲ್ಲದಾಗ ಮೂಗು ಮುಚ್ಚಿಕೊಂಡು ಕೋಣೆ ಬಾಗಿಲು ಹಾಕಿಕೊಳ್ಳೋ ಮನುಷ್ಯನ ಜೊತೆ ಮೇಷ್ಟ್ರು ಹೇಗೆ ಇರಬೇಕು? ಅದನ್ನ ನಿಮ್ಮ ತಮ್ಮನೇ ಹೇಳಬೇಕು.

ಇತಿ
ಮಾರಿ


ಏಪ್ರಿಲ್ 25

ಇಬ್ಬರಿಗೂ,

ಮೊದಲು ಅವಳಿಗೆ. ತಾಯಿ, ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಗೇಟಿನ ಹತ್ರ ನಿಂತು ಎಷ್ಟೋ ಗಂಡಸರ ಬಾಯಲ್ಲಿ "ನಮ್ಮ ಮನೆಯವಳು ಒಪ್ಪಲ್ಲ" ಅಂತ ಕೇಳಿದೀನಿ. ಪ್ರತಿ ಸಲ ಆ ಕಾಣದ ಹೆಂಗಸಿಗೆ ಹಿಡಿ ಶಾಪ ಹಾಕಿದೀನಿ. ಅದರಲ್ಲಿ ಎಷ್ಟು ಜನ ನಿನ್ನ ಹಾಗೆ ಮನೇಲಿ ನೆಲ ಒರೆಸ್ತಾ ಕೂತಿದ್ರೋ. ನೀನು ಬದನೆಕಾಯಿ ಅಂದಿದ್ದು ಸರಿ. ಇನ್ಮೇಲೆ ಇಲ್ಲಿ ಮನೆಮಂದಿ ಒಬ್ಬೊಬ್ಬರೂ ಬೇರೆ ಬೇರೆ ಬರೆದ್ರೆ ಮಾತ್ರ ನಾಯಿ. ಇದಕ್ಕಿಂತ ದೊಡ್ಡ ಕ್ಷಮೆ ಕೇಳೋಕೆ ನನಗೆ ಬರಲ್ಲ.

ಈಗ ನಿನಗೆ, ಗುಂಡಾ. ನಾನು ದಿನಾ ಬಾಚೋದೆಲ್ಲಾ ನೀರು ಬಿಟ್ರೆ ಹೋಗುತ್ತೆ. ನೀನು ಮಾಡಿದ್ದು ಹೋಗಲ್ಲ. ನಿನಗೆ ನಾಯಿ ಹೇಸಿಗೆ, ಸರಿ, ಅದೇನೂ ಪಾಪ ಅಲ್ಲ. ಬೇಡ ಅನ್ನೋಕೆ ನಿನಗೆ ಹಕ್ಕಿದೆ. ಆದ್ರೆ ಅದನ್ನ ನಿನ್ನ ಬಾಯಲ್ಲಿ ಹೇಳು.

ಮೇ ಮೊದಲ ವಾರ ವ್ಯಾನು ನಿಮ್ಮ ಕಡೆ ಬರುತ್ತೆ. ಮೇಷ್ಟ್ರನ್ನ ಕಳಿಸೋದಾದ್ರೆ ಹತ್ತಿಸೋದು ನೀನೇ, ಅವಳಲ್ಲ. ಜೊತೆಗೆ ಒಂದು ಚೀಟಿ. "ನನಗೆ ಬೇಡ." ಎರಡೇ ಮಾತು, ಕೆಳಗೆ ನಿನ್ನ ಸಹಿ. ಚೀಟಿ ಇಲ್ದೆ ನಾಯಿನ ಹತ್ತಿಸಿಕೊಳ್ಳಬೇಡ ಅಂತ ವ್ಯಾನಿನವನಿಗೆ ಹೇಳಿದೀನಿ.

ಅಕ್ಕ


ಮೇ 11

ಅಕ್ಕಾ,

ಚೀಟಿ ಬರೆದೆ. ಸುಳ್ಳು ಹೇಳಲ್ಲ. ಬರೆಯೋಕೆ ಒಂದು ರಾತ್ರಿ ಪೂರ್ತಿ ಹಿಡೀತು. "ನಮಗೆ ಬೇಡ" ಅಂತ ಬರೆದು ಹರಿದೆ. "ಸದ್ಯಕ್ಕೆ ಬೇಡ" ಅಂತ ಬರೆದು ಹರಿದೆ. ಕೊನೆಗೆ ನೀನು ಹೇಳಿದ ಹಾಗೇ ಬರೆದು ಸಹಿ ಹಾಕಿ, ಅವಳು ಕೆಲಸಕ್ಕೆ ಹೊರಡೋ ಮುಂಚೆ ಕೈಗೆ ಕೊಟ್ಟೆ. ಓದಿದಳು. ಬೈಯ್ಯಲಿಲ್ಲ. "ಇಷ್ಟು ವರ್ಷದಲ್ಲಿ ನೀವು ಹೇಳಿದ ಮೊದಲ ನಿಜ ಇದು" ಅಂದು ವಾಪಸ್ ಕೊಟ್ಟು ಹೋದಳು.

ವ್ಯಾನು ಬಂದಾಗ ಮನೇಲಿ ನಾನೊಬ್ಬನೇ. ಕರೆಯೋಣ ಅಂತ ಒಳಗೆ ಹೋದ್ರೆ ಅವನು ಅಲ್ಲಿಲ್ಲ. ಹಾರನ್ನು ಕೇಳಿದ್ದೇ ಬಟ್ಟಲು ಕಚ್ಚಿಕೊಂಡು ಆಗಲೇ ಹೊರಗೆ ಹೋಗಿದ್ದ. ಯಾರೂ ಜಗಳ ಆಡಿರಲಿಲ್ಲ ಅಕ್ಕಾ. ಯಾರೂ ಒಂದು ಮಾತೂ ಆಡಿರಲಿಲ್ಲ. ವ್ಯಾನಿನವನು ಹಿಂದಿನ ಬಾಗಿಲು ತೆಗೆದ, ಇವನು ತಾನಾಗೇ ಹತ್ತಿದ. ಬಟ್ಟಲನ್ನ ಮೂಲೇಲಿ ಇಟ್ಟ. ನಮ್ಮ ಕಡೆ ಬೆನ್ನು ಹಾಕಿ, ತಗಡಿಗೆ ಮುಖ ಕೊಟ್ಟು ಕೂತ. ತಿರುಗಿ ನೋಡಲಿಲ್ಲ. "ಇವನಿಗೆ ದಾರಿ ಗೊತ್ತು ಸಾರ್" ಅಂತ ವ್ಯಾನಿನವನು ಚೀಟಿಗೆ ಕೈ ಚಾಚಿದ.

ನಾನು ದಿನಾ ಕಂಡವರ ಎಂಜಲು ಅಚ್ಚು ಮುಟ್ಟೋನು. ಆ ಹೊತ್ತಲ್ಲಿ ಬಂದಂಥ ವಾಕರಿಕೆ ನನಗೆ ಯಾವತ್ತೂ ಬಂದಿರಲಿಲ್ಲ. ನಾಯಿದಲ್ಲ, ನನ್ನದೇ ನಾತ.

ಇಳಿಯೋ ಅಂದೆ. ಇಳೀಲಿಲ್ಲ. ಮೇಷ್ಟ್ರೇ ಇಳೀರಿ ಅಂದೆ. ಊಹೂಂ. ಬಟ್ಟಲು ತೆಗೆದುಕೊಂಡು ತೋರಿಸಿದೆ, ಅದಕ್ಕೂ ಅಲ್ಲಾಡಲಿಲ್ಲ. ಕೊನೆಗೆ ಒಳಗೆ ಹತ್ತಿ ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡೆ. ಅವನನ್ನ ಪೂರ್ತಿ ಕೈಯಲ್ಲಿ ಮುಟ್ಟಿದ್ದು ಅವತ್ತೇ ಮೊದಲು. ಭಯಕ್ಕೆ ನನ್ನ ಎದೆ ಮೇಲೆಲ್ಲಾ ಉಚ್ಚೆ ಹೊಯ್ದ, ಬೆಚ್ಚಗೆ ಪ್ಯಾಂಟಿನ ತನಕ ಇಳೀತು. ಗಬ್ಬು, ಅಕ್ಕಾ, ಗಬ್ಬು. ಒಗ್ಗಿದೆ ಅಂತ ಹೇಳಲ್ಲ. ಚೀಟಿ ಅದೇ ಪ್ಯಾಂಟಿನ ಜೇಬಲ್ಲಿತ್ತು, ಒದ್ದೆ ಮುದ್ದೆ ಆಯ್ತು. ವ್ಯಾನಿನವನು ಅದನ್ನ ನೋಡಿ, "ಇದನ್ನ ನಾನು ಮುಟ್ಟಲ್ಲ ಸಾರ್" ಅಂತ ನಕ್ಕು ಹೊರಟ.

ಮಧ್ಯಾಹ್ನ ಕೋಣೆ ಬಾಗಿಲು ತೆರೆದಿಟ್ಟುಕೊಂಡು ಕೆಲಸಕ್ಕೆ ಕೂತೆ. ದವಡೆ ಅಚ್ಚಿಗೆ ಅಂತ ತರಿಸಿದ್ದ ಗಟ್ಟಿ ಪ್ಲಾಸ್ಟರ್ ಮೂಟೆ ಪೂರ್ತಿ ಕಲಸಿ, ಒಂದು ಹಳೇ ಬೇಸಿನ್ನಿಗೆ ಹುಯ್ದು, ನಡುವೆ ಅವನ ಬಟ್ಟಲನ್ನ ಅಂಚಿನ ತನಕ ಹೂತುಬಿಟ್ಟೆ. ಗಟ್ಟಿಯಾದ ಮೇಲೆ ನೀರು ಹೀರದಿರಲಿ ಅಂತ ಒಸಡಿಗೆ ಬಳಸೋ ಗುಲಾಬಿ ಅಕ್ರಿಲಿಕ್ ಬಳಿದೆ. ನೋಡೋಕೆ ಬಲು ಅಸಹ್ಯವಾಗಿದೆ, ಹಲ್ಲಿಲ್ಲದ ಮುದುಕನ ಬಾಯಿ ಇದ್ದಂಗೆ. ಆದ್ರೆ ಒಬ್ಬರಿಂದ ಅಲ್ಲಾಡಿಸೋಕೂ ಆಗಲ್ಲ. ಅದಕ್ಕೇ ಬೇಸಿನ್ನನ್ನ ಮೊದಲೇ ಅಡುಗೆ ಮನೆ ಮೂಲೇಲಿ ಇಟ್ಟುಕೊಂಡು ಹುಯ್ದಿದ್ದು.

ಸಂಜೆ ಅವಳು ಬಂದು ನೋಡಿದಳು. "ಇದನ್ನ ತೊಳೆಯೋದು ಹೇಗೆ? ನಿಮಗೆ ತಲೆ ಇದೆಯಾ?" ಅಂದಳು. ನಾನೂ ಏನೋ ಅಂದೆ. ಮಾತಿಗೆ ಮಾತು ಬೆಳೀತು. ಪ್ಲಾಸ್ಟರಿನಿಂದ ಶುರುವಾಗಿ ಹನ್ನೊಂದು ವರ್ಷದ್ದೆಲ್ಲಾ ಬಂತು. ನಡುವೆ ನೋಡಿದ್ರೆ ಮೇಷ್ಟ್ರು ಎದ್ದು ಬಟ್ಟಲ ಹತ್ರ ಹೋಗಿದಾರೆ. ಅಂಚು ಕಚ್ಚಿ ಎಳೆದ್ರು. ಬರಲಿಲ್ಲ. ಸುತ್ತು ಹಾಕಿ ಇನ್ನೊಂದು ಕಡೆಯಿಂದ ಎಳೆದ್ರು. ಬರಲಿಲ್ಲ. ಬಾಗಿಲು ನೋಡಿದ್ರು, ಬಟ್ಟಲು ನೋಡಿದ್ರು, ನಮ್ಮಿಬ್ಬರನ್ನ ನೋಡಿದ್ರು. ನಾನು ಸಾಕು ಮಾಡೋಣ ಅಂದೆ. ಅವಳು, "ಯಾಕೆ ನಿಲ್ಲಿಸಬೇಕು? ಜಗಳ ಆಡಿದ್ರೂ ಇಲ್ಲೇ ಇರ್ತೀವಿ ಅಂತ ಅವರಿಗೂ ಗೊತ್ತಾಗಲಿ" ಅಂದಳು. ಅದಕ್ಕೆ ಪೂರ್ತಿ ಆಡಿದೆವು. ಅರ್ಧ ಆಗೋ ಹೊತ್ತಿಗೆ ಮೇಷ್ಟ್ರು ಬಟ್ಟಲಿಗೆ ಗದ್ದ ಊರಿ ಮಲಗಿದ್ರು. ಮುಗಿಯೋ ಹೊತ್ತಿಗೆ ಗೊರಕೆ ಹೊಡೀತಿದ್ರು.

ಗುಂಡ


ಮೇ 19

ಗುಂಡಾ,

ನೀನು ಪೆದ್ದ. ಮೂಲೆ ಮೂಲೇಲಿ ಎಂಜಲು ಕೂತು, ನೊಣ ಮುತ್ತಿ, ಹುಳ ಬೀಳುತ್ತೆ ಅದಕ್ಕೆ. ಒಬ್ಬರಿಂದ ಆಗಲ್ಲ ಅಂದ್ರೆ ಇಬ್ಬರೂ ಸೇರಿ ಎತ್ತಿ ದಿನಾ ಹಿತ್ತಲಿಗೆ ಒಯ್ದು ಉಜ್ಜಿ. ಒಂದು ಕಡೆ ಅವಳು ಹಿಡೀಲಿ, ಇನ್ನೊಂದು ಕಡೆ ನೀನು. ತಪ್ಪಿಸಿಕೊಂಡ್ರೆ ಕಾಲ ಮೇಲೆ ಬೀಳುತ್ತೆ, ಬೀಳಲಿ.

ಇವತ್ತು ಬೆಳಿಗ್ಗೆ ಯಾರೋ ಗೇಟಿಗೆ ಒಂದು ಕಜ್ಜಿ ನಾಯಿ ಕಟ್ಟಿ ಹೋಗಿದ್ರು. ಮೈತುಂಬಾ ಕೀವು. ಬಿಚ್ಚಿದ ತಕ್ಷಣ ನನ್ನ ಪಾದದ ಮೇಲೆ ಕಾರಿಕೊಂಡ. ತೊಳೆದು, ಔಷಧಿ ಬಳಿದು, ಊಟ ಹಾಕಿದೆ. ಬಟ್ಟಲು ಬೋರಲು ಹಾಕೋಕೆ ಹೋದ್ರೆ ಹಲಗೆ ಮೇಲೆ ಒಂದೇ ಒಂದು ಜಾಗ ಖಾಲಿ ಇತ್ತು, ಫೆಬ್ರವರಿಯಿಂದ ನಾನು ಬಿಟ್ಟುಕೊಂಡು ಬಂದಿದ್ದು.

ಅಲ್ಲಿ ಹಾಕಿದೆ.

ಅಕ್ಕ